ಬೀದಿಯ ಮುಖ ಕಾಯ್ದ ದಿವಾನರು

ಕಿತ್ತೂರಿನ ರಾಣಿ ಚೆನ್ನಮ್ಮ ಬ್ರಿಟಿಷರ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ. ಅವರ ಸಮಾಧಿ ಇರುವುದೂ ಅಲ್ಲಿಯೇ. ನಾಡಿನ ಮೂಲೆಮೂಲೆಗಳಿಂದ ಶಾಲಾ ಮಕ್ಕಳು, ಪ್ರವಾಸಿಗರು ಬಂದು ಕೈಮುಗಿದು ಹೋಗುತ್ತಾರೆ. ಅದೇ ಊರಿನಲ್ಲಿ ರಟ್ಟರ ಕಾಲದ ರಾಮಲಿಂಗೇಶ್ವರ ಗುಡಿಯಿದೆ. ಎರೆಭೂಮಿಯ ಹತ್ತಿ ವ್ಯಾಪಾರದಿಂದ ಬೆಳೆದ ಪೇಟೆಯಿದೆ. ಇಂಥ ಊರಿನ ಬೀದಿಗೆ ತನ್ನದೇ ಆದ ಒಂದು ಮುಖವಿರಬೇಕೆಂದು ನಾವು ನಿರೀಕ್ಷಿಸುವುದು ಸಹಜ. ಆದರೆ ಬೆಳಗಾವಿ ಜಿಲ್ಲೆಯ ಯಾವ ಪೇಟೆಯ ಬೀದಿಯಲ್ಲಿ ನಿಂತು ನೋಡಿದರೂ ಈಗ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಕಲ್ಲಿನ ಕಟ್ಟೆ, ಮರದ ಕಂಬದ ಪಡಸಾಲೆ, ಮಾಳಿಗೆಯ ಅಂಗಡಿಗಳು ಒಂದೊಂದಾಗಿ ಮರೆಯಾಗಿ, ಆ ಜಾಗದಲ್ಲಿ ನೀಲಿ ಗಾಜು ಹೊದ್ದ, ಹೊಳೆಯುವ ತಗಡಿನ ಹಾಳೆ ಮೆತ್ತಿಕೊಂಡ ವಾಣಿಜ್ಯ ಸಂಕೀರ್ಣಗಳು ಎದ್ದು ನಿಂತಿವೆ. ಅವುಗಳ ಮೇಲೆ ಕಟ್ಟಡಕ್ಕಿಂತ ದೊಡ್ಡದಾದ ನಾಮಫಲಕಗಳು.

ವಾಣಿಜ್ಯ ಕಟ್ಟಡವೊಂದಕ್ಕೆ ಪರವಾನಗಿ ಕೋರಿ ಅರ್ಜಿ ಬಂದಾಗ ನಮ್ಮ ಪಟ್ಟಣಗಳ ಕಚೇರಿಗಳು ಪರಿಶೀಲಿಸುವ ಸಂಗತಿಗಳು ಗೊತ್ತಿರುವಂಥವೇ. ರಸ್ತೆಯಿಂದ ಎಷ್ಟು ಜಾಗ ಬಿಟ್ಟಿದ್ದಾರೆ, ಎಷ್ಟು ಅಂತಸ್ತು, ನೆಲದ ವಿಸ್ತೀರ್ಣಕ್ಕೆ ತಕ್ಕ ಅನುಪಾತವಿದೆಯೇ, ವಾಹನ ನಿಲ್ಲಿಸಲು ಸ್ಥಳವಿದೆಯೇ, ಶುಲ್ಕ ಕಟ್ಟಿದ್ದಾರೆಯೇ. ಇವೆಲ್ಲವೂ ಅಗತ್ಯವೇ. ಆದರೆ ಈ ಕಟ್ಟಡ ಬೀದಿಗೆ ಯಾವ ಮುಖ ತೋರಿಸಲಿದೆ ಎಂಬ ಪ್ರಶ್ನೆ ಆ ಕಡತದಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅದು ಮಾಲೀಕನ ಅಭಿರುಚಿಗೆ ಬಿಟ್ಟ ವಿಷಯವೆಂದು ಎಲ್ಲರೂ ಒಪ್ಪಿಕೊಂಡಂತಿದೆ. ಕಟ್ಟಡದ ಒಳಗು ಮಾಲೀಕನದು, ನಿಜ. ಅದರ ಹೊರಮೈಯನ್ನು ಮಾತ್ರ ದಿನವೂ ನೋಡಬೇಕಾದವರು ಊರಿನ ಜನ. ಹಾಗಿದ್ದ ಮೇಲೆ ಆ ಹೊರಮೈ ಯಾರಿಗೆ ಸೇರಿದ್ದು?

ಈ ಪ್ರಶ್ನೆಯನ್ನು ಆಡಳಿತದ ಪ್ರಶ್ನೆಯೆಂದೇ ಭಾವಿಸಿ, ತಮ್ಮ ಅಧಿಕಾರಾವಧಿಯ ಉದ್ದಕ್ಕೂ ಅದರ ಬೆನ್ನು ಹತ್ತಿದ ಒಬ್ಬರು ಕನ್ನಡ ನಾಡಿನಲ್ಲಿದ್ದರು. ಅವರು ಸರ್ ಮಿರ್ಜಾ ಇಸ್ಮಾಯಿಲ್. ಬೈಲಹೊಂಗಲ ಅವರ ಆಳ್ವಿಕೆಗೆ ಎಂದೂ ಒಳಪಟ್ಟಿರಲಿಲ್ಲ. ಆ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆದರೂ ಇಂದು ಅಲ್ಲಿ ಎದುರಾಗಿರುವ ಸಮಸ್ಯೆಯನ್ನು ತಿಳಿಯಲು ಅವರ ಬದುಕಿನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಅದರಲ್ಲಿ ಅನುಸರಿಸಬೇಕಾದದ್ದೂ ಇದೆ, ಎಚ್ಚರ ವಹಿಸಬೇಕಾದದ್ದೂ ಇದೆ.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆಗಳೊಂದಿಗೆ ಬಂದು ಬೆಂಗಳೂರಿನಲ್ಲಿ ನೆಲೆಸಿದ ವ್ಯಾಪಾರಿ. ದಂಡಿಗೂ ಮೈಸೂರು ಅರಮನೆಗೂ ಕುದುರೆ ಒದಗಿಸಿ ಹಣ ಗಳಿಸಿದ ಅವರು ಅದರ ಗಣನೀಯ ಭಾಗವನ್ನು ಮನೆಗಳನ್ನು ಕಟ್ಟಿಸಲು ತೊಡಗಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. ಮರ, ತೋಟ, ವಿಶಾಲ ಅಂಗಳಗಳ ನಡುವೆ ಬೆಳೆದ ಹುಡುಗನ ಕಣ್ಣಿಗೆ ಕಟ್ಟಡವೆಂದರೆ ಅದರ ಸುತ್ತಲಿನ ಜಾಗವೂ ಸೇರಿದ್ದು ಎಂಬ ತಿಳಿವಳಿಕೆ ಎಳವೆಯಲ್ಲೇ ಬಂದಿರಬೇಕು.

ಮುಂದಿನ ದಾರಿಯನ್ನು ತೆರೆದದ್ದು ಒಂದು ತರಗತಿ. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ವಿದ್ಯಾಭ್ಯಾಸಕ್ಕಾಗಿ ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಏರ್ಪಾಡಾಗಿದ್ದ ಪುಟ್ಟ ಶಾಲೆಗೆ ಆಯ್ಕೆಯಾದ ಸಹಪಾಠಿಗಳಲ್ಲಿ ಮಿರ್ಜಾ ಒಬ್ಬರು. ಅಲ್ಲಿ ಮೊಳೆತ ಸ್ನೇಹ ಮಹಾರಾಜರ ಕೊನೆಯವರೆಗೂ ಬಾಡಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು 1905ರಲ್ಲಿ ಪೊಲೀಸ್ ಇಲಾಖೆ ಸೇರಿದ ಮಿರ್ಜಾ ಕೆಲವೇ ವರ್ಷಗಳಲ್ಲಿ ಅರಮನೆಯ ಕಾರ್ಯದರ್ಶಿ ಕಚೇರಿಗೆ ಬಂದರು. ಹಂತಹಂತವಾಗಿ ಮೇಲೇರಿ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. 1926ರ ಮೇ ತಿಂಗಳಲ್ಲಿ ಮೈಸೂರಿನ ದಿವಾನರಾದಾಗ ಅವರಿಗೆ ನಲವತ್ತಮೂರು ತುಂಬಿರಲಿಲ್ಲ.

ಮಿರ್ಜಾ ಬರಿಗೈಯಲ್ಲಿ ಆರಂಭಿಸಲಿಲ್ಲ ಎಂಬುದನ್ನೂ ನೆನೆಯಬೇಕು. ಪ್ಲೇಗಿನ ಹೊಡೆತದಿಂದ ಪಾಠ ಕಲಿತ ಮೈಸೂರು 1903ರಲ್ಲಿಯೇ ನಗರಾಭಿವೃದ್ಧಿ ಮಂಡಳಿಯನ್ನು ರಚಿಸಿಕೊಂಡಿತ್ತು. ಇಕ್ಕಟ್ಟಾದ ಓಣಿಗಳನ್ನು ತೆರೆದು ಅಗಲವಾದ ಬೀದಿಗಳನ್ನು, ವೃತ್ತಗಳನ್ನು ನಿರ್ಮಿಸುವ ಕೆಲಸ ಸಾಗಿತ್ತು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು ಕೈಗಾರಿಕೆ ಮತ್ತು ವಿದ್ಯಾಭ್ಯಾಸಗಳ ತಳಹದಿ ಹಾಕಿದ್ದರು. ಮಿರ್ಜಾ ಆ ತಳಹದಿಯ ಮೇಲೆ ಕಟ್ಟಿದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮಾನ ಕಾರ್ಖಾನೆ, ಮಂಡ್ಯದ ಸೀಮೆಗೆ ಕಾವೇರಿ ನೀರು ಹರಿಸಿದ ಇರ್ವಿನ್ ನಾಲೆ, ಇವೆಲ್ಲ ಅವರ ಕಾಲದವು. ಆ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು.

ಆದರೆ ಹಿಂದಿನ ದಿವಾನರಿಗೂ ಇವರಿಗೂ ಇದ್ದ ಮುಖ್ಯ ವ್ಯತ್ಯಾಸ ಒಂದು. ಉಪಯುಕ್ತವಾದದ್ದು ಸುಂದರವೂ ಆಗಿರಬೇಕೆಂಬ ಹಟ ಮಿರ್ಜಾ ಅವರದು. ಕನ್ನಂಬಾಡಿಯ ಅಣೆಕಟ್ಟು ನೀರು ನಿಲ್ಲಿಸಿದರೆ ಎಂಜಿನಿಯರ ಕೆಲಸ ಮುಗಿಯಿತು. ಅದರ ಬುಡದಲ್ಲಿ ಉಳಿದ ನೆಲವನ್ನು ಹಾಳು ಬಿಡದೆ, ಕಾಶ್ಮೀರದ ಮೊಗಲ್ ಉದ್ಯಾನಗಳ ಮಾದರಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ತೋಟ ಮಾಡಬೇಕೆಂದು ಹೊರಟವರು ಮಿರ್ಜಾ. ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ನೆರವಿನಿಂದ 1927ರಲ್ಲಿ ಆರಂಭವಾದ ಕೆಲಸ 1932ರ ಹೊತ್ತಿಗೆ ಬೃಂದಾವನವಾಗಿ ರೂಪುಗೊಂಡಿತು.

ಊರಿನ ಬೀದಿಗಳ ಬಗ್ಗೆ ಅವರಿಗಿದ್ದ ಕಾಳಜಿ ಇದಕ್ಕಿಂತಲೂ ತೀವ್ರವಾದದ್ದು. ಬೆಳಗಿನ ಹೊತ್ತು ಕುದುರೆಯೇರಿ ಬೀದಿ ಸುತ್ತುವುದು ಅವರ ರೂಢಿ. ವಾಲಿದ ದೀಪದ ಕಂಬ, ಕಟ್ಟಿಕೊಂಡ ಚರಂಡಿ, ಬಣ್ಣ ಕಳೆದುಕೊಂಡ ಗೋಡೆ, ಕಣ್ಣಿಗೆ ಚುಚ್ಚುವ ಜಾಹೀರಾತು ಕಂಡಾಗ ಅದು ಆ ದಿನವೇ ಸಂಬಂಧಪಟ್ಟ ಅಧಿಕಾರಿಯ ಮೇಜಿಗೆ ಹೋಗುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಯಾವ ಕಟ್ಟಡದ ಎದುರು ಯಾವ ಮರ ನೆಡಬೇಕು, ವೃತ್ತದ ನಡುವೆ ಏನಿರಬೇಕು, ಎರಡು ಕಟ್ಟಡಗಳ ಮುಂಭಾಗ ಒಂದಕ್ಕೊಂದು ಹೊಂದುತ್ತವೆಯೇ ಎಂಬ ವಿಚಾರಗಳು ದಿವಾನರ ಘನತೆಗೆ ಸಣ್ಣವೆಂದು ಅವರು ಎಂದೂ ಎಣಿಸಲಿಲ್ಲ. ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನಕ್ಕೆ 1933ರಲ್ಲಿ ಅಡಿಗಲ್ಲು ಬಿದ್ದು, 1935ರಲ್ಲಿ ಅದು ತೆರೆದದ್ದು ಅವರ ಕಾಲದಲ್ಲಿ. ಎತ್ತರದ ಮೆಟ್ಟಿಲುಗಳು, ಸಾಲುಗಂಬಗಳು ಹೊತ್ತ ಆ ಮುಂಭಾಗ ಇಂದಿಗೂ ಬೆಂಗಳೂರಿನ ಗುರುತುಗಳಲ್ಲಿ ಒಂದು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ, ಕೃಷ್ಣರಾಜ ವೃತ್ತದಲ್ಲಿ ಅಂಗಡಿಗಳು ಒಂದೇ ಸಾಲಿಗೆ, ಒಂದೇ ಎತ್ತರಕ್ಕೆ ನಿಂತು ಕೈಹಿಡಿದುಕೊಂಡಂತೆ ಕಾಣುವುದು ಆ ಸಂಸ್ಥಾನ ಎರಡು ಮೂರು ತಲೆಮಾರು ಕಾಲ ಕಾಪಾಡಿಕೊಂಡು ಬಂದ ಶಿಸ್ತಿನ ಫಲ.

ಇಂಥ ಶಿಸ್ತಿಗೆ ಒಂದು ಬೆಲೆಯೂ ಇತ್ತು. ದಿವಾನರ ಕಣ್ಣಿಗೆ ಚೆಂದವೆನಿಸಿದ್ದೇ ಚೆಂದ. ನಾಜಿಗಳ ಜರ್ಮನಿಯನ್ನು ತೊರೆದು ಬಂದಿದ್ದ ಯುವ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಅವರನ್ನು ಕರೆತಂದವರು ಮಿರ್ಜಾ ಅವರೇ. ಆದರೆ ಇಬ್ಬರ ಅಭಿರುಚಿ ಬೇರೆ ಬೇರೆ. ಗುಮ್ಮಟ, ಕಮಾನು, ಅಲಂಕಾರದ ಕೈಪಿಡಿಗಳೆಂದರೆ ದಿವಾನರಿಗೆ ಪ್ರೀತಿ. ಬಿಸಿಲು, ಗಾಳಿ, ಮಳೆಗಳನ್ನು ಲೆಕ್ಕ ಹಾಕಿ ಕಟ್ಟಡದ ರೂಪವನ್ನು ಅದರಿಂದಲೇ ಪಡೆಯಬೇಕೆಂಬುದು ಆ ಹೊಸ ಕಾಲದ ವಾಸ್ತುಶಿಲ್ಪಿಯ ನಂಬಿಕೆ. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯಿದ್ದರು. ಇಂಥ ಸಂದರ್ಭದಲ್ಲಿ ವಾದ ಮಂಡಿಸಲು ಒಂದು ವೇದಿಕೆ, ತೀರ್ಮಾನಕ್ಕೆ ಒಂದು ಕ್ರಮ ಇರದಿದ್ದರೆ ಗೆಲ್ಲುವುದು ಅಧಿಕಾರವೇ ಹೊರತು ವಾದವಲ್ಲ.

ಈ ಮಾತು ಕಟ್ಟಡಗಳಿಗಷ್ಟೇ ಅನ್ವಯಿಸಲಿಲ್ಲ. ಮಿರ್ಜಾ ಅವರ ಆಡಳಿತದ ಮೇಲೆ ಬಿದ್ದ ನೆರಳುಗಳನ್ನು ಮರೆಮಾಚಿ ಅವರ ಬದುಕನ್ನು ಹೇಳುವುದು ನ್ಯಾಯವಾಗದು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಆವರಣದ ಗಣಪತಿ ವಿಗ್ರಹದ ಸುತ್ತ ಎದ್ದ ವಿವಾದ ಗಲಭೆಗೆ ತಿರುಗಿತು. ಅದರ ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯನ್ನೇ ನೇಮಿಸಬೇಕಾಯಿತು. ಶಾಲೆಯ ಅಂಗಳದ ವಿಷಯ ಇಡೀ ಸಂಸ್ಥಾನದ ರಾಜಕೀಯವನ್ನು ಅಲುಗಿಸಿತು. ಹತ್ತು ವರ್ಷಗಳ ಅನಂತರ, 1938ರ ಏಪ್ರಿಲ್‌ನಲ್ಲಿ, ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ಕಳೆದುಕೊಂಡರು. ದೇಶವೇ ಬೆಚ್ಚಿತು. ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಬಂದು ಮಾತುಕತೆ ನಡೆಸಿದ ಮೇಲೆ ಧ್ವಜದ ವಿಷಯದಲ್ಲಿ ರಾಜಿಯಾಯಿತು. ಬೀದಿಯ ಅಂದವನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಆಡಳಿತ ಆ ಬೀದಿಯಲ್ಲಿ ನಡೆಯುವ ಜನರ ಬೇಡಿಕೆಯನ್ನು ಕೇಳಿಸಿಕೊಳ್ಳುವಲ್ಲಿ ತಡಮಾಡಿತು. ಜವಾಬ್ದಾರಿ ಸರ್ಕಾರದ ಬೇಡಿಕೆ ಮೈಸೂರಿನಲ್ಲಿ ಈಡೇರಲು 1947ನೆಯ ಇಸವಿಯೇ ಬರಬೇಕಾಯಿತು.

ಗೆಳೆಯರೂ ಒಡೆಯರೂ ಆಗಿದ್ದ ನಾಲ್ವಡಿಯವರು 1940ರ ಆಗಸ್ಟ್‌ನಲ್ಲಿ ತೀರಿಕೊಂಡರು. ಹೊಸ ಮಹಾರಾಜರ ಕಾಲದಲ್ಲಿ ಹೊಂದಾಣಿಕೆ ಸಾಧ್ಯವಾಗದೆ ಮಿರ್ಜಾ 1941ರಲ್ಲಿ ರಾಜೀನಾಮೆ ನೀಡಿದರು. ಹದಿನೈದು ವರ್ಷಗಳ ದಿವಾನಗಿರಿ ಮುಗಿಯಿತು.

ಅವರ ಕಲೆಗಾರಿಕೆಗೆ ಅತ್ಯಂತ ವಿಶಾಲವಾದ ಅವಕಾಶ ದೊರೆತದ್ದು ಆ ಮೇಲೆಯೇ. 1942ರಲ್ಲಿ ಅವರು ಜಯಪುರ ಸಂಸ್ಥಾನದ ಪ್ರಧಾನಿಯಾದರು. ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹ ಚೌಕಗಳ ಲೆಕ್ಕದಲ್ಲಿ ಕಟ್ಟಿಸಿದ ಊರು ಅದು. 1876ರಲ್ಲಿ ಬ್ರಿಟಿಷ್ ರಾಜಕುಮಾರನ ಭೇಟಿಗಾಗಿ ಗುಲಾಬಿ ಬಣ್ಣ ಬಳಿಸಿಕೊಂಡು ಅದನ್ನೇ ತನ್ನ ಗುರುತು ಮಾಡಿಕೊಂಡಿತ್ತು. ಮಿರ್ಜಾ ಹೋಗುವ ಹೊತ್ತಿಗೆ ಊರು ಕೋಟೆಯ ಗೋಡೆ ಮೀರಿ ಬೆಳೆಯುತ್ತಿತ್ತು. ಹಳೆಯ ಪೇಟೆ ಜನಸಂದಣಿಯಿಂದ ಕಂಗೆಟ್ಟಿತ್ತು. ಅವರು ಗೋಡೆಯಾಚೆ ಹೊಸ ಬಡಾವಣೆಗಳಿಗೆ ಯೋಜನೆ ಹಾಕಿಸಿದರು. ಹಳೆಯ ಪೇಟೆಯ ಅಂಗಡಿಗಳ ಮುಂದೆ ಒಂದೇ ಮಾದರಿಯ ಕಂಬಸಾಲಿನ ಪಡಸಾಲೆಗಳು ಬರುವಂತೆ ಮಾಡಿದರು. ಕೊಳ್ಳುವವರು ನೆರಳಿನಲ್ಲಿ ನಡೆದರು. ಅಂಗಡಿಗಳ ಮುಂಭಾಗಕ್ಕೆ ಒಂದು ಸರಿಸಮ ಬಂತು. ಹೊರವಲಯದಲ್ಲಿ ಮೂಡಿದ ಅಗಲವಾದ ವಾಣಿಜ್ಯ ರಸ್ತೆಗೆ ಜನ ಅವರ ಹೆಸರನ್ನೇ ಇಟ್ಟರು. ಇಂದು ಜಯಪುರದಲ್ಲಿ ಎಂ.ಐ. ರೋಡ್ ಎಂದರೆ ತಿಳಿಯದವರಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದವನ ಹೆಸರೆಂದು ತಿಳಿದವರು ಅಲ್ಲಿ ಎಷ್ಟು ಮಂದಿಯೋ! 2019ರಲ್ಲಿ ಯುನೆಸ್ಕೊ ಜಯಪುರದ ಕೋಟೆಯೊಳಗಣ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನಗರ ಪಾರಂಪರಿಕ ಮುಖವನ್ನು ಉಳಿಸಿಕೊಂಡ ಕಥೆಯಲ್ಲಿ ಈ ಕನ್ನಡ ನಾಡಿನ ಆಡಳಿತಗಾರನ ಪಾತ್ರವೂ ಇದೆ.

ವ್ಯಾಪಾರಿಗಳಿಗೆ ಇದರಿಂದ ನಷ್ಟವಾಯಿತೇ? ಜಯಪುರದ ಪೇಟೆ ಅದಕ್ಕೆ ಉತ್ತರ ಕೊಡುತ್ತ ಬಂದಿದೆ. ಬೇರೆ ಬೇರೆ ಅಂಗಡಿಗಳು ತಮ್ಮ ತಮ್ಮ ಕೂಗನ್ನು ತಗ್ಗಿಸಿಕೊಂಡು ಬೀದಿಗೆ ಒಂದು ದನಿ ಕೊಟ್ಟಾಗ, ಆ ಬೀದಿಯೇ ಜನರನ್ನು ಸೆಳೆಯುತ್ತದೆ. ಜನ ಬಂದರೆ ವ್ಯಾಪಾರ ತಾನಾಗಿ ಬರುತ್ತದೆ.

1946ರಲ್ಲಿ ಮಿರ್ಜಾ ಹೈದರಾಬಾದಿನ ನಿಜಾಮರ ಪ್ರಧಾನಿಯಾದರು. ಅಲ್ಲಿನ ರಾಜಕೀಯ ಆಗಲೇ ಕುದಿಯುತ್ತಿತ್ತು. ಸಂಯಮದ ದಾರಿ ಹಿಡಿದ ಅವರನ್ನು ಮತೀಯ ಶಕ್ತಿಗಳು ಉಳಿಯಗೊಡಲಿಲ್ಲ. ಒಂದು ವರ್ಷವೂ ತುಂಬದೆ, 1947ರಲ್ಲಿ ಅವರು ಹೊರಬಂದರು. 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟಿದ ಊರಲ್ಲೇ, ತಾವು ದಿನವೂ ಕುದುರೆಯ ಮೇಲೆ ಕುಳಿತು ನೋಡಿದ ಬೀದಿಗಳ ನಡುವೆಯೇ.

ಅವರು ಬಿಟ್ಟುಹೋದದ್ದು ತೋಟಗಳು, ವೃತ್ತಗಳು, ಬೀದಿಗಳು. ಬಿಟ್ಟುಹೋಗದೆ ಇದ್ದದ್ದು ಒಂದು ಸಂಸ್ಥೆ. ಅವರ ಕಣ್ಣಿನ ಕೆಲಸವನ್ನು ಅವರ ಅನಂತರವೂ ಮಾಡಬಲ್ಲ ಮಂಡಳಿಯಾಗಲಿ, ನಿಯಮವಾಗಲಿ ಊರೂರಲ್ಲಿ ಬೇರೂರಲಿಲ್ಲ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ನಗರ ಕಲಾ ಆಯೋಗವೊಂದು ರಚನೆಯಾಯಿತು. ಅದರ ಮಾತಿಗೆ ಸಲಹೆಯ ಬೆಲೆಯಷ್ಟೇ ಇತ್ತು. ಊರು ಅತಿ ವೇಗವಾಗಿ ಬೆಳೆಯತೊಡಗಿದ ಕಾಲದಲ್ಲಿಯೇ ಅದು ಕಣ್ಮರೆಯಾಯಿತು. ಮೈಸೂರಿನಲ್ಲಿ ಪಾರಂಪರಿಕ ಕಟ್ಟಡಗಳಿಗಾಗಿ ತಜ್ಞರ ಸಮಿತಿಯಿದೆ. ಆದರೂ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ವಾಣಿಜ್ಯ ಕಟ್ಟಡಗಳೇ. ಕೆಡವಿ ಕಟ್ಟಬೇಕೇ, ದುರಸ್ತಿ ಮಾಡಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ಎಳೆಯಿತು. ಮುಖವನ್ನು ಉಳಿಸಬೇಕೆಂಬ ಕಾಳಜಿ ಒಳಗಿನ ಗೋಡೆ, ತೊಲೆ, ಚರಂಡಿಗಳ ಆರೈಕೆಯ ಜೊತೆಗೆ ಸಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಎರಡು ಕುಸಿತಗಳಿಗಿಂತ ಬೇರೆ ಸಾಕ್ಷ್ಯ ಬೇಡ.

ಹಾಗಾದರೆ ಬೈಲಹೊಂಗಲದಂಥ ಊರು ಏನು ಮಾಡಬಹುದು? ಅದು ಸೇರಿದ್ದ ಮುಂಬೈ ಪ್ರಾಂತ್ಯವೇ 1915ರಲ್ಲಿ ದೇಶದ ಮೊದಲ ನಗರ ಯೋಜನಾ ಕಾಯ್ದೆಯನ್ನು ತಂದಿತ್ತು. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿದೆ. ಮಹಾಯೋಜನೆಯಲ್ಲಿ ಕೆಲವು ಪ್ರದೇಶಗಳನ್ನು ವಿಶೇಷ ನಿಯಂತ್ರಣಕ್ಕೆ ಒಳಪಡಿಸಿ, ಅಲ್ಲಿನ ಕಟ್ಟಡದ ರೇಖೆ, ಎತ್ತರ, ವಾಸ್ತುಲಕ್ಷಣಗಳ ಬಗ್ಗೆ ನಿಯಮ ಮಾಡಲು ಆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಅಂದರೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ಚೆನ್ನಮ್ಮನ ಸಮಾಧಿಯ ಸುತ್ತಲಿನ ಬೀದಿಗಳನ್ನು, ಹಳೆಯ ಪೇಟೆಯ ಒಂದೆರಡು ಸಾಲುಗಳನ್ನು ಅಂಥ ಪ್ರದೇಶವೆಂದು ಗುರುತಿಸಿದರೆ ಸಾಕು. ಅಲ್ಲಿ ಬರುವ ಹೊಸ ವಾಣಿಜ್ಯ ಕಟ್ಟಡ ನೆಲಮಟ್ಟದಲ್ಲಿ ನೆರಳಿನ ಪಡಸಾಲೆ ಬಿಡಬೇಕು, ಪಕ್ಕದ ಕಟ್ಟಡದ ಎತ್ತರವನ್ನು ಗೌರವಿಸಬೇಕು, ನಾಮಫಲಕ ಇಂತಿಷ್ಟೇ ಅಳತೆಯದಾಗಿರಬೇಕು, ಮುಂಭಾಗದಲ್ಲಿ ನಾಡಿನ ಕಲ್ಲಿಗೆ ಒಂದಿಷ್ಟು ಜಾಗವಿರಬೇಕು. ಇಂಥ ನಾಲ್ಕೈದು ನಿಯಮಗಳನ್ನು ಸರಳ ಕನ್ನಡದಲ್ಲಿ, ಚಿತ್ರಸಹಿತ ಮುದ್ರಿಸಿ ಅರ್ಜಿ ನಮೂನೆಯ ಜೊತೆಗೇ ಕೊಡಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಎರಡು ಅಂತಸ್ತಿನ ಅಂಗಡಿ ಕಟ್ಟಿಸುವ ಸಣ್ಣ ವ್ಯಾಪಾರಿಗೆ ಪ್ರತಿಯೊಂದು ನಿಯಮವೂ ಒಂದು ಖರ್ಚು. ಪ್ರತಿಯೊಂದು ತಡವೂ ಒಂದು ಬಡ್ಡಿ. ಚೆಂದವೆಂಬುದು ಅಳತೆಗೆ ಸಿಗದ ವಿಷಯವಾದ್ದರಿಂದ, ಅದರ ಹೆಸರಿನಲ್ಲಿ ಕಡತವನ್ನು ತಡೆಹಿಡಿಯುವುದೂ ಸುಲಭ. ಹೊಸದೊಂದು ಪರಿಶೀಲನೆ ಎಂದರೆ ಹೊಸದೊಂದು ಕೈಚಾಚು ಎಂದು ಜನ ಅನುಮಾನಿಸಿದರೆ ಅದಕ್ಕೆ ಕಾರಣವೂ ಇದೆ. ಆದ್ದರಿಂದಲೇ ನಿಯಮಗಳು ಕೆಲವೇ ಇರಬೇಕು, ಅಳೆದು ನೋಡುವಂತಿರಬೇಕು. ತೀರ್ಮಾನಕ್ಕೆ ಕಾಲಮಿತಿ ಇರಬೇಕು. ಪರಿಶೀಲನಾ ಸಭೆ ಸಾರ್ವಜನಿಕರಿಗೆ ತೆರೆದಿರಬೇಕು. ಒಪ್ಪಿಗೆಯಾಗಲಿ, ನಿರಾಕರಣೆಯಾಗಲಿ ಲಿಖಿತ ಕಾರಣದೊಂದಿಗೆ ಹೊರಬೀಳಬೇಕು. ಮೇಲ್ಮನವಿಗೆ ದಾರಿಯಿರಬೇಕು. ನಿಯಮ ಪಾಲಿಸಿದವರಿಗೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ವ್ಯಾಪಾರಿಗಳೇ ಮುಂದೆ ಬಂದಾರು.

ಮಿರ್ಜಾ ಇಸ್ಮಾಯಿಲ್ ಅವರ ಬದುಕು ಕೊಡುವ ಮೊದಲ ಪಾಠ, ಊರಿನ ಅಂದ ಶ್ರೀಮಂತರ ಶೋಕಿಯಲ್ಲ ಎಂಬುದು. ಅದು ನೀರು, ದೀಪ, ಚರಂಡಿಗಳಂತೆಯೇ ಆಡಳಿತದ ಹೊಣೆ. ಬಡವನಿಗೆ ಸ್ವಂತ ತೋಟವಿರುವುದಿಲ್ಲ. ಬೀದಿಯೇ ಅವನ ತೋಟ. ಎರಡನೆಯ ಪಾಠ, ಆ ಹೊಣೆಯನ್ನು ಒಬ್ಬ ಮನುಷ್ಯನ ಅಭಿರುಚಿಗೆ ಒಪ್ಪಿಸಿದರೆ ಅವನು ಹೋದ ದಿನವೇ ಅದು ಅನಾಥವಾಗುತ್ತದೆ ಎಂಬುದು. ಕುದುರೆಯೇರಿ ಬರುವ ದಿವಾನರು ಇನ್ನು ಬರುವುದಿಲ್ಲ. ಬರಬೇಕೆಂದು ಬಯಸುವುದೂ ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ. ಅವರ ಜಾಗದಲ್ಲಿ ಈಗ ಇರುವುದು ಜನ ಚುನಾಯಿಸಿದ ಸದಸ್ಯರ ಸಭೆ, ಯೋಜನಾ ಅಧಿಕಾರಿಯ ಮೇಜು, ಅದರ ಮೇಲೊಂದು ನಕ್ಷೆ.

ಆ ನಕ್ಷೆಯನ್ನು ಬಿಡಿಸಿ ನೋಡುವಾಗ ಸದಸ್ಯರಲ್ಲಿ ಒಬ್ಬರಾದರೂ ಎದ್ದು, ಈ ಕಟ್ಟಡ ನಮ್ಮ ಬೀದಿಯಿಂದ ಹೇಗೆ ಕಾಣುತ್ತದೆ ತೋರಿಸಿ ಎಂದು ಕೇಳಲಿ. ರಾಣಿಯೊಬ್ಬಳು ತನ್ನ ನೆಲಕ್ಕಾಗಿ ಸೆರೆಯಲ್ಲಿ ಸತ್ತ ಊರಿನವರು ಅಷ್ಟು ಕೇಳಿದರೆ ಅತಿಯಾಗದು.